ನರ್ಸಮ್ಮನ ಗದ್ದುಗೆ

ಕಲ್ಲುಕೊಪ್ಪಲು ಹೊಸ ಕಾಲೊನಿ,
ಹಾಸನ ಜಿಲ್ಲೆ
20 ನವೆಂಬರ್ 1978

ಮಾನ್ಯ ಗುರುಶಾಂತಮ್ಮನವರಿಗೆ,

ನಾನು ಯಾರೆಂದು ನಿಮಗೆ ಗುರುತು ಹತ್ತಲಾರದು. ನಿಮ್ಮ ಬಿಳಿಗೆರೆಯಲ್ಲಿ ಸರ್ಕಾರದ ಹೆರಿಗೆ ದಾದಿಯಾಗಿದ್ದ ಮರಿಯಮ್ಮನ ಮಗಳು ನಾನು, ತೆರೇಜಮ್ಮ. ಅಮ್ಮ ನಿಮ್ಮ ಮನೆಯ ಹೊರಗಿನ ಕೋಣೆಯಲ್ಲಿ ಬಾಡಿಗೆಗೆ ಇದ್ದಳು. ರಜೆಗೆ ಬಂದಾಗಲೆಲ್ಲ ನಿಮ್ಮ ಹೆಸರು ಹೇಳುತ್ತಿದ್ದಳು. ಆ ನೆನಪಿನ ಮೇಲೆಯೇ ವಿಳಾಸ ಬರೆದಿದ್ದೇನೆ.

ಅಮ್ಮ ತೀರಿಕೊಂಡು ಹತ್ತು ವರ್ಷವಾಯಿತು. ಆಗ ನಾನು ಹಾಸನದಲ್ಲಿ ಸಿಸ್ಟರುಗಳ ಬೋರ್ಡಿಂಗಿನಲ್ಲಿ ಓದುತ್ತಿದ್ದೆ, ಹದಿನಾಲ್ಕು ವರ್ಷದವಳು. ಹೊಳೆ ತುಂಬಿ ನಮ್ಮೂರಿನ ದೋಣಿ ನಿಂತಿದ್ದರಿಂದ ನಿಮ್ಮ ತಂತಿ ನನ್ನ ಸೋದರಮಾವ ಜೋಜಪ್ಪನ ಕೈ ಸೇರುವ ಹೊತ್ತಿಗೆ ಎಲ್ಲ ಮುಗಿದಿತ್ತು. ಆಮೇಲೆ ಮಾವ ತಿಪಟೂರಿಗೆ ಬಂದು, ಮಂಡಿಯಲ್ಲಿ ನಿಮ್ಮ ಯಜಮಾನರಿಂದ ಅಮ್ಮನ ಟ್ರಂಕು ತೆಗೆದುಕೊಂಡು, ಸಿಕ್ಕ ಬಸ್ಸಿಗೆ ವಾಪಸಾದ. ಎಲ್ಲಿ ಮಣ್ಣು ಮಾಡಿದರಂತೆ ಎಂದು ಕೇಳಿದೆ. "ಅದ್ಯಾವುದೋ ತೆಂಗಿನ ತೋಟದಾಗಂತೆ ಕಣಮ್ಮ" ಎಂದ. ನನಗೆ ಗೊತ್ತಿರುವುದು ಅಷ್ಟೇ.

ಈಗ ಬರೆಯಲು ಕಾರಣವಿದೆ. ಹೇಮಾವತಿಯ ಕಟ್ಟೆ ಮುಗಿಯುತ್ತಾ ಬಂದಿದೆ. ಬರುವ ಮಳೆಗಾಲಕ್ಕೆ ನಮ್ಮ ಹಳೇ ಊರು, ಗುಡಿ, ಸ್ಮಶಾನ ಎಲ್ಲ ನೀರಿನಡಿ ಹೋಗುತ್ತವೆ. ನಾವು ಆಗಲೇ ಮೇಲಿನ ಕಾಲೊನಿಗೆ ಬಂದಿದ್ದೇವೆ. ಇಲ್ಲಿಯ ಪ್ರೈಮರಿ ಶಾಲೆಯಲ್ಲೇ ನನಗೆ ಕೆಲಸ. ಮೊನ್ನೆ ಸತ್ತವರ ಹಬ್ಬದ ದಿನ ಪೂಜೆ ಮುಗಿಸಿ ಫಾದರ್ ಹೇಳಿದರು, ತಮ್ಮವರನ್ನು ಬಿಟ್ಟುಬರಲು ಯಾರಿಗೆ ಮನಸ್ಸಿಲ್ಲವೋ ಅವರು ಮಳೆಗೆ ಮುಂಚೆ ಎಲುಬುಗಳನ್ನು ಎತ್ತಿ ಹೊಸ ಸ್ಮಶಾನಕ್ಕೆ ತರಬಹುದು ಎಂದು. ನನ್ನ ಅಪ್ಪ ಚೌರಪ್ಪ ಅಲ್ಲಿದ್ದಾನೆ. ನಾನು ತೊಟ್ಟಿಲು ಬಿಟ್ಟ ಹೊಸತರಲ್ಲಿ ಜ್ವರ ಬಂದು ಹೋದವನು. ಅವನ ಮುಖ ನೆನಪಿಲ್ಲ. ಅವನನ್ನು ಎತ್ತುವ ದಿನವೇ ಅಮ್ಮನನ್ನೂ ತಂದು ಪಕ್ಕದಲ್ಲಿಡಬೇಕೆಂದು ನನ್ನ ಆಸೆ. ಅವರಿಬ್ಬರೂ ಒಂದು ಕಡೆ ಇದ್ದದ್ದನ್ನು ನಾನು ಕಂಡಿಲ್ಲ.

ಅಮ್ಮ ಎಲ್ಲಿದ್ದಾಳೆ, ಜಾಗ ಯಾರದು, ಯಾರನ್ನು ಕೇಳಬೇಕು, ದಯವಿಟ್ಟು ತಿಳಿಸಿ.

ತೆರೇಜಮ್ಮ


ಬಿಳಿಗೆರೆ
28 ಡಿಸೆಂಬರ್ 1978

ಚಿ. ತೆರೇಜಮ್ಮನಿಗೆ ಗುರುಶಾಂತಮ್ಮ ಮಾಡುವ ಆಶೀರ್ವಾದ.

ನಿನ್ನ ಕಾಗದ ಬಂದು ತಿಂಗಳಾಯಿತು. ಪೋಸ್ಟಿನ ತಿಮ್ಮಯ್ಯ ಬೀದಿಯಿಂದಲೇ ಕೂಗಿಕೊಂಡು ಬಂದ, "ನಮ್ ನರ್ಸಮ್ಮನ ಮಗಳು ಕಾಗ್ದ ಬರದವ್ಳೆ ಕಣ್ರವ್ವಾ" ಎಂದು. ಅವನ ಮಕ್ಕಳೆಲ್ಲ ನಿನ್ನ ತಾಯಿಯ ಕೈಯಲ್ಲೇ ಹುಟ್ಟಿದವು. ನನಗೆ ಬರೆಯುವ ರೂಢಿ ತಪ್ಪಿಹೋಗಿದೆ. ಮಿಡಲ್ ಸ್ಕೂಲು ಓದಿದವಳು, ಅದೂ ಮದುವೆಗೆ ಮುಂಚೆ. ತಡವಾಯಿತು.

ಇಲ್ಲಿ ಅವಳನ್ನು ಮರಿಯಮ್ಮ ಎಂದು ಕರೆದವರು ಯಾರೂ ಇರಲಿಲ್ಲ. ಊರಿಗೆಲ್ಲ ನರ್ಸಮ್ಮ. ನಾನೊಬ್ಬಳು ಮರೀ ಎನ್ನುತ್ತಿದ್ದೆ. ನಾವಿಬ್ಬರೂ ಒಂದೇ ವಾರಗೆಯವರು.

ನಿನ್ನ ತಾಯಿಯ ಜಾಗ ಚೆನ್ನಾಗಿದೆ. ನಮ್ಮದೇ ತೋಟ. ಬಾವಿಯಿಂದ ನಾಲ್ಕು ಸಾಲು ಆಚೆ, ಬೆಳಿಗ್ಗೆ ಬಿಸಿಲು ಬೀಳುವ ಕಡೆ. ದನ ಕರು ತುಳಿಯದ ಹಾಗೆ ಸುತ್ತ ಕಲ್ಲು ನೆಡಿಸಿದ್ದೇವೆ. ಆದರೆ ಎತ್ತುವ ಮಾತು ಬೇಡ ಮಗು. ಹತ್ತು ವರ್ಷ ನೆಲಕ್ಕೆ ಹೊಂದಿಕೊಂಡವಳನ್ನು ಯಾಕೆ ಕದಲಿಸಬೇಕು? ನಮ್ಮ ಹಿರಿಯರು ಇದಕ್ಕೆ ಒಪ್ಪುವುದಿಲ್ಲ.

ಟ್ರಂಕಿನಲ್ಲಿ ಸಾಮಾನೆಲ್ಲ ಸರಿಯಾಗಿ ಬಂದಿತ್ತೇ? ಹಸಿರು ಬಣ್ಣದ ರೇಷ್ಮೆ ಸೀರೆಯೊಂದಿತ್ತು, ಅದನ್ನು ತಳದಲ್ಲಿ ಇಟ್ಟಿದ್ದೆ. ಏನಾದರೂ ಇಲ್ಲಿ ಉಳಿದಿದೆ ಎಂದು ನಿನಗೋ ನಿನ್ನ ಮಾವನಿಗೋ ಅನುಮಾನವಿದ್ದರೆ ಸಂಕೋಚವಿಲ್ಲದೆ ಕೇಳು. ಇಷ್ಟು ವರ್ಷದಲ್ಲಿ ನೀನು ಒಂದು ಸಲವೂ ಈ ಕಡೆ ಬರಲಿಲ್ಲವಲ್ಲ ಎಂದು ನಾವು ಮಾತಾಡಿಕೊಳ್ಳುತ್ತಿದ್ದೆವು. ಅದಿರಲಿ ಬಿಡು.

ಮೈ ಚೆನ್ನಾಗಿ ನೋಡಿಕೋ.

ಗುರುಶಾಂತಮ್ಮ


ಕಲ್ಲುಕೊಪ್ಪಲು ಹೊಸ ಕಾಲೊನಿ
9 ಜನವರಿ 1979

ಗುರುಶಾಂತಮ್ಮನವರಿಗೆ,

ಸೀರೆ ಬಂದಿತ್ತು. ನನ್ನ ಅನುಮಾನ ಸಾಮಾನಿನದಲ್ಲ.

ನಾನು ಯಾಕೆ ಬರಲಿಲ್ಲ ಎಂದು ಕೇಳಿದ್ದೀರಿ. ಹದಿನಾಲ್ಕು ವರ್ಷದ ಹುಡುಗಿ ಬೋರ್ಡಿಂಗಿನಿಂದ ಯಾರ ಜೊತೆ ಬರಬೇಕಿತ್ತು? ಆಮೇಲೆ ಟ್ರೈನಿಂಗು, ಆಮೇಲೆ ಕೆಲಸ. ಅದೂ ನಿಜವಲ್ಲ. ಬರಲು ಹೆದರಿಕೆಯಾಗುತ್ತಿತ್ತು. ನಮ್ಮವರು ಒಬ್ಬರೂ ಇಲ್ಲದ ಊರಿನಲ್ಲಿ, ಫಾದರ್ ಇಲ್ಲದೆ, ಅಮ್ಮನನ್ನು ಎಲ್ಲಿ ಯಾವ ಮೂಲೆಯಲ್ಲಿ ಹಾಕಿದ್ದಾರೋ, ಅದನ್ನು ಕಣ್ಣಿಂದ ಕಂಡರೆ ಏನು ಗತಿ ಎಂದು. ತೋಟದ ಬೇಲಿಯ ಆಚೆಯ ಹಳ್ಳವೊಂದನ್ನು ನಾನೇ ಮನಸ್ಸಿನಲ್ಲಿ ಮಾಡಿಕೊಂಡು, ವರ್ಷಗಟ್ಟಲೆ ಅದನ್ನೇ ನೋಡುತ್ತಿದ್ದೇನೆ.

ನಿಮ್ಮ ಕಾಗದದಲ್ಲಿ ಬಿಸಿಲು ಬೀಳುತ್ತದೆ ಎಂದಿದೆ, ಕಲ್ಲು ನೆಟ್ಟಿದೆ ಎಂದಿದೆ. ಶಿಲುಬೆ ಇದೆಯೆ? ತಲೆ ಯಾವ ದಿಕ್ಕಿಗಿದೆ? ಯಾರಾದರೂ ಒಂದು ಪ್ರಾರ್ಥನೆಯನ್ನಾದರೂ ಹೇಳಿದರೇ? ಇವನ್ನು ಬಿಟ್ಟು ಮಿಕ್ಕದ್ದೆಲ್ಲ ಬರೆದಿದ್ದೀರಿ.

ನಾನು ಅಮ್ಮನನ್ನು ಕಂಡದ್ದು ಕ್ರಿಸ್ಮಸ್ಸಿಗೆ, ಬೇಸಿಗೆ ರಜೆಗೆ. ಬಂದವಳು ಮೊದಲ ದಿನವೆಲ್ಲ ನಿದ್ದೆ ಮಾಡುತ್ತಿದ್ದಳು, ಕೊನೆಯ ದಿನ ಬಟ್ಟೆ ಮಡಚುತ್ತಿದ್ದಳು. ನಡುವೆ ಉಳಿದದ್ದು ನನ್ನದು. ನೀವು ಅವಳನ್ನು ದಿನಾ ಕಂಡಿರಿ. ಒಬ್ಬರನ್ನೊಬ್ಬರು ಹೆಸರು ಹಿಡಿದು ಕರೆದಿರಿ. ಈಗಲೂ ನಿಮ್ಮ ತೋಟದಲ್ಲೇ ಇರಲಿ ಎನ್ನುತ್ತೀರಿ.

ನಿಮ್ಮ ಹಿರಿಯರನ್ನು ನಾನೇ ಬಂದು ಕೇಳುತ್ತೇನೆ. ಯಾವಾಗ ಬರಲಿ?

ತೆರೇಜಮ್ಮ


ಬಿಳಿಗೆರೆ
4 ಮಾರ್ಚ್ 1979

ಚಿ. ತೆರೇಜಮ್ಮನಿಗೆ,

ಹಳ್ಳದ ಮಾತು ಓದಿ ನಾಲ್ಕು ದಿನ ನನಗೆ ಊಟ ಸೇರಲಿಲ್ಲ. ಹೇಳಿಬಿಡುತ್ತೇನೆ. ಮುಂಚೆಯೇ ಹೇಳದಿದ್ದದ್ದು ನಿನಗೆ ಬೇಸರವಾದೀತೆಂದು.

ಆ ವರ್ಷ ಆಷಾಢದಲ್ಲಿ ಅವಳಿಗೆ ಕಾಮಾಲೆಯಾಯಿತು. ತಿಪಟೂರಿನ ಆಸ್ಪತ್ರೆಗೆ ಎರಡು ಸಲ ಗಾಡಿ ಕಟ್ಟಿದೆವು. ಎರಡನೇ ಸಲ ವಾಪಸು ಬರುವಾಗ ದಾರಿಯಲ್ಲೇ ಹೋದಳು, ತಲೆ ನನ್ನ ಭುಜದ ಮೇಲಿತ್ತು. ನಮ್ಮ ಆಳು ಕೆಂಚಯ್ಯನನ್ನು ತಂತಿ ಕೊಡಲು ಓಡಿಸಿದೆವು. ಇನ್ನೊಬ್ಬನನ್ನು ಪಾದ್ರಿಗಳನ್ನು ಕರೆತರಲು ಕಳಿಸಿದೆವು, ಅವರು ಊರಲ್ಲಿರಲಿಲ್ಲ. ಮಾರನೆಯ ದಿನ ಸಂಜೆಯವರೆಗೆ ಕಾದೆವು. ಮಳೆ ಹಿಡಿದುಕೊಂಡಿತ್ತು. ಇನ್ನು ಇಟ್ಟುಕೊಳ್ಳುವ ಹಾಗಿರಲಿಲ್ಲ.

ಎಲ್ಲಿ ಮಣ್ಣು ಮಾಡುವುದು ಎಂದು ಮಾತು ಹುಟ್ಟಿತು. ನಮ್ಮ ಯಜಮಾನರ ದೊಡ್ಡಪ್ಪ ಮರುಳಸಿದ್ದಯ್ಯನವರು, "ಅವ್ಳ ಜಾತಿ ಯಾವ್ದು, ನಮ್ದ್ಯಾವ್ದು? ಹಳ್ಳದ ಆಚ್ಕಡೆ ಗೋಮಾಳ ಬಿದ್ದೈತೆ, ಅಲ್ಲಿ ಮಾಡಿ ಬುಡ್ರಿ" ಎಂದರು. ನಿನ್ನ ಹಳ್ಳ ಅಲ್ಲಿಗೆ ನಿಜವಾಗುತ್ತಿತ್ತು. ಆದರೆ ನಮ್ಮ ಅತ್ತೆ ದ್ರಾಕ್ಷಾಯಣಮ್ಮ ಒಳಗಿನಿಂದ ಬಂದು ಬಾಗಿಲಲ್ಲಿ ನಿಂತರು. ಅವರು ಭಾವನ ಎದುರು ತುಟಿ ಬಿಚ್ಚಿದ್ದನ್ನು ಅದುವರೆಗೆ ಯಾರೂ ಕಂಡಿರಲಿಲ್ಲ. "ನಿಮ್ ಸೊಸೆ ಕೂಸು ಅಡ್ಡ ಸಿಕ್ಕೊಂಡಾಗ ಅವಳ್ ಕೈಗೆ ಜಾತಿ ಕೇಳಿದ್ರಾ ಭಾವ? ನನ್ ಮೊಮ್ಮಕ್ಕಳ್ನೆಲ್ಲ ಎತ್ಕೊಂಡವ್ಳು ಅವ್ಳು. ತೋಟದಾಗೆ ನಂಗೆ ಅಂತ ಜಾಗ ನೋಡಿ ಮಡಗಿವ್ನಿ. ಅದ್ರ ಪಕ್ಕ ಕೂರ್ಸಿ" ಎಂದರು.

ನಿನ್ನ ತಾಯಿ ಮಲಗಿಲ್ಲ ಮಗು, ಕೂತಿದ್ದಾಳೆ. ನಮ್ಮಲ್ಲಿ ಸತ್ತವರನ್ನು ಮಲಗಿಸುವುದಿಲ್ಲ. ಮಣ್ಣಿನಲ್ಲಿ ಗೂಡು ತೋಡಿ, ಚಕ್ಕಳಮಕ್ಕಳ ಹಾಕಿಸಿ ಕೂರಿಸುತ್ತೇವೆ; ಸುತ್ತ ವಿಭೂತಿ, ಪತ್ರೆ ತುಂಬುತ್ತೇವೆ. ನಿಮ್ಮಲ್ಲಿ ಹೇಗೆಂದು ನಮಗೆ ತಿಳಿದಿರಲಿಲ್ಲ. ನಮ್ಮವಳಿಗೆ ಮಾಡುವ ಹಾಗೆ ಮಾಡಿದೆವು. ಸ್ನಾನ ಮಾಡಿಸಿದವಳು ನಾನು. ಲಿಂಗ ಕಟ್ಟಲಿಲ್ಲ, ಅವಳ ಜಪಸರವನ್ನೇ ಕೈಗೆ ಸುತ್ತಿದೆ. ನಮ್ಮಲ್ಲಿ ಹೆಂಗಸರು ಗುಂಡಿಯ ಹತ್ತಿರ ಹೋಗುವುದಿಲ್ಲ, ನಾನು ಹೋದೆ. ಸಂಜೆ ಅವಳು ಹೇಳಿಕೊಳ್ಳುತ್ತಿದ್ದ ಮಂತ್ರದಲ್ಲಿ ಮೊದಲ ಮಾತು ಮಾತ್ರ ನನಗೆ ಬರುತ್ತಿತ್ತು, ನಮೋ ಮರಿಯೇ ಎಂದು. ಅದನ್ನೇ ಹೇಳಿದೆ. ಅದು ನಿಮ್ಮ ದೇವರ ತಾಯಿಯ ಹೆಸರೋ, ಅವಳ ಹೆಸರೋ, ನಾನು ಅವಳಿಗೇ ಹೇಳಿದೆ.

ಈಗ ಬಸುರಿಯರು ತಿಂಗಳು ತುಂಬುವಾಗ ಬಂದು ಎಲೆ ಅಡಿಕೆ ಇಟ್ಟು ಹೋಗುತ್ತಾರೆ. ನರ್ಸಮ್ಮನ ಗದ್ದುಗೆ ಎನ್ನುತ್ತಾರೆ. ಗದ್ದುಗೆಯನ್ನು ಬಗೆಯಬಾರದು ಎಂಬುದು ನಮ್ಮ ಹಿರಿಯರ ಮಾತು. ಅದಕ್ಕೇ ಬೇಡ ಎಂದದ್ದು.

ಗುರುಶಾಂತಮ್ಮ


ಕಲ್ಲುಕೊಪ್ಪಲು ಹೊಸ ಕಾಲೊನಿ
18 ಮಾರ್ಚ್ 1979

ಗುರುಶಾಂತಮ್ಮನವರಿಗೆ,

ನಿಮ್ಮ ಕಾಗದವನ್ನು ಎಷ್ಟು ಸಲ ಓದಿದೆನೋ. ಕೊನೆಗೆ ಶಾಲೆ ಬಿಟ್ಟ ಮೇಲೆ ಖಾಲಿ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು, ನೆಲದ ಮೇಲೆ ಕಾಲು ಮಡಚಿ ಕೂತು ನೋಡಿದೆ. ಹೀಗೆ ಹತ್ತು ವರ್ಷ ಕೂರುವುದು ಹೇಗೆ ಎಂದು. ಮಾವನಿಗೆ ಹೇಳಿದರೆ, "ಕೂರ್ಸವ್ರಾ?" ಎಂದು ಕೇಳಿ ಬೀಡಿ ಹಚ್ಚಲು ಹೊರಗೆ ಹೋದ.

ಹಳ್ಳ ನನ್ನ ಕಣ್ಣಿನಿಂದ ಹೋಯಿತು. ಅದಕ್ಕೆ ನಿಮ್ಮ ಅತ್ತೆಯ ಪಾದ ಮುಟ್ಟಬೇಕು.

ಭಾನುವಾರ ಹಳೇ ಸ್ಮಶಾನಕ್ಕೆ ಹೋಗಿದ್ದೆ. ನೀವು ನೋಡಿಲ್ಲ, ಹೇಳುತ್ತೇನೆ. ಗೇಟಿನ ಒಳಗೆ ಕಾಲಿಟ್ಟರೆ ಮೊದಲು ಫ್ರಾನ್ಸಿನಿಂದ ಬಂದ ಪಾದ್ರಿಗಳ ಕಲ್ಲುಗಳು, ಅವರ ಭಾಷೆಯ ಬರಹ. ಒಂದನ್ನು ಹುಣಸೆಯ ಬೇರು ಎತ್ತಿ ವಾಲಿಸಿದೆ. ಬಲಕ್ಕೆ ಪ್ಲೇಗಿನ ವರ್ಷ ಹೋದವರದು, ಎಲ್ಲರಿಗೂ ಸೇರಿ ಒಂದೇ ಉದ್ದನೆಯ ದಿಬ್ಬ, ಒಂದೇ ಶಿಲುಬೆ. ಅವರನ್ನು ಎತ್ತುವವರಿಲ್ಲ. ಮಿಕ್ಕ ಕಡೆಯೆಲ್ಲ ಗುದ್ದಲಿ ಸದ್ದು. ಸೋಪಿನ ಪೆಟ್ಟಿಗೆ, ಸೀಮೆಎಣ್ಣೆ ಟಿನ್ನು, ಬಿದಿರು ಬುಟ್ಟಿ, ಕೈಗೆ ಸಿಕ್ಕಿದ್ದರಲ್ಲಿ ತಮ್ಮವರನ್ನು ತುಂಬಿಕೊಂಡು ಜನ ದಿಬ್ಬ ಹತ್ತುತ್ತಿದ್ದಾರೆ. ಅಂತೋಣಮ್ಮಜ್ಜಿ ಗಂಡನ ಎಲುಬುಗಳನ್ನು ಮಡಿಲಲ್ಲಿ ಇಟ್ಟುಕೊಂಡು, "ಎಷ್ಟು ಹಗುರ ಆಗ್ಬುಟ್ಟಿದ್ಯಲ್ಲಯ್ಯ" ಎನ್ನುತ್ತಿದ್ದಳು. ಯಾರೂ ಅಳುತ್ತಿರಲಿಲ್ಲ, ಬಿತ್ತನೆಗೆ ಬಂದವರ ಹಾಗೆ ಕೆಲಸ ಮಾಡುತ್ತಿದ್ದರು.

ಅಪ್ಪನದು ಹಿಂದಿನ ಗೋಡೆಯ ಹತ್ತಿರ. ಒರಟು ಕಲ್ಲಿನ ಶಿಲುಬೆ, ಮೇಲೆ ಹೆಸರಿನ ಮೊದಲ ಅಕ್ಷರ. ಮಾವ ಇವತ್ತೇ ಎತ್ತೋಣ ಎಂದ. ಬೇಡ ಎಂದೆ. ಇಬ್ಬರನ್ನೂ ಒಂದೇ ದಿನ ಇಡಬೇಕೆಂದು ನನಗೆ ಹಟ. ಹೊಸ ಜಾಗದಲ್ಲಿ ಅಕ್ಕಪಕ್ಕ ಎರಡು ಕುಳಿಗೆ ಫಾದರ್ ಗುರುತು ಹಾಕಿಕೊಟ್ಟಿದ್ದಾರೆ.

ನಿಮ್ಮ ಹಿರಿಯರಿಗೆ ನನ್ನ ಪರವಾಗಿ ನೀವೇ ಒಂದು ಮಾತು ಹೇಳಿ. ನಿಮ್ಮ ಉತ್ತರ ಬರುವವರೆಗೆ ಅಪ್ಪನನ್ನು ಮುಟ್ಟುವುದಿಲ್ಲ. ಮೇ ಒಳಗೆ ಆದರೆ ಸಾಕು.

ತೆರೇಜಮ್ಮ


ಬಿಳಿಗೆರೆ
2 ಮೇ 1979

ಚಿ. ತೆರೇಜಮ್ಮನಿಗೆ,

ಕಾಗದ ತಲುಪಿತು. ಈಗ ಕೊಬ್ಬರಿ ಒಡೆಯುವ ಕಾಲ. ವರ್ಷದಿಂದ ಅಟ್ಟದ ಮೇಲಿದ್ದ ಕಾಯಿ ಇಳಿಸಿ ಸುಲಿಯುತ್ತಿದ್ದಾರೆ. ಮನೆಯೊಳಗೆ ಕಾಲಿಡಲು ಜಾಗವಿಲ್ಲ. ಕಾಯಿಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ, ಒಳಗೆ ಒಣಗಿದ ಗಿಟುಕು ಚಿಪ್ಪು ಬಿಟ್ಟುಕೊಂಡಿದೆಯೋ ಇಲ್ಲವೋ ಎಂದು ಕೇಳುವುದು ಮರಿಗೆ ಬಹಳ ಇಷ್ಟದ ಕೆಲಸವಾಗಿತ್ತು. "ಮಗು ಒದ್ದಂಗೆ ಕೇಳ್ತದೆ ಕಣೇ ಗುರುಶಾಂತ" ಎನ್ನುತ್ತಿದ್ದಳು.

ಕೆಂಚಯ್ಯನಿಗೆ ಬಿಡುವಿಲ್ಲ. ಯಜಮಾನರಿಗೂ ಮಂಡಿ ವ್ಯವಹಾರ. ಇದೊಂದು ಮುಗಿಯಲಿ, ಆಮೇಲೆ ಹಿರಿಯರ ಹತ್ತಿರ ಮಾತಾಡಿ ತಿಳಿಸುತ್ತೇನೆ.

ನಮ್ಮ ದೊಡ್ಡ ಮಗ ಪರಮಶಿವಯ್ಯ ಹೇಳುತ್ತಿದ್ದ, ನಿಮ್ಮೂರು ಮುಳುಗಿಸುವ ಆ ಹೊಳೆಯ ನೀರು ಮುಂದೆ ಕಾಲುವೆಯಲ್ಲಿ ನಮ್ಮ ಕಡೆಗೂ ಬರುತ್ತದಂತೆ. ಊರಿನವರೆಲ್ಲ ಸಂತೋಷವಾಗಿದ್ದಾರೆ. ನನಗೆ ಏನೆನ್ನಬೇಕೋ ತಿಳಿಯಲಿಲ್ಲ.

ಗುರುಶಾಂತಮ್ಮ


ಕಲ್ಲುಕೊಪ್ಪಲು ಹೊಸ ಕಾಲೊನಿ
12 ಜುಲೈ 1979

ಗುರುಶಾಂತಮ್ಮನವರಿಗೆ,

ಘಟ್ಟದಲ್ಲಿ ಮಳೆ ಬೇಗ ಹಿಡಿಯಿತು. ಜೂನ್ ಕೊನೆಯಲ್ಲಿ ಮಾವ ಗುದ್ದಲಿ ಹಿಡಿದು ಇಳಿದಾಗ ಸ್ಮಶಾನದ ಗೇಟಿಗೆ ನೀರು ಬಂದಿತ್ತು. ಮರುದಿನ ಹುಣಸೆಮರದ ಬುಡ ಕಾಣಲಿಲ್ಲ. ಈಗ ಗುಡಿಯ ಗೋಪುರ ಮಾತ್ರ ಮೇಲಿದೆ. ಅಪ್ಪ ಒಳಗೆ ಉಳಿದ.

ಇನ್ನು ನಿಮಗೆ ಅವಸರವಿಲ್ಲ. ಅಮ್ಮ ಅಲ್ಲೇ ಇರಲಿ.

ತೆರೇಜಮ್ಮ


ಬಿಳಿಗೆರೆ
15 ಅಕ್ಟೋಬರ್ 1979

ಮಗಳೇ ತೆರೇಜಮ್ಮ,

ನಿನ್ನ ಜುಲೈ ಕಾಗದ ಬಂದ ಮೇಲೆ ಇದು ನಾನು ಬರೆಯುತ್ತಿರುವ ಮೂರನೆಯ ಕಾಗದ. ಮೊದಲಿನವು ತಲುಪಿದವೋ, ತಲುಪಿಯೂ ನೀನು ಒಡೆಯಲಿಲ್ಲವೋ. ತಿಮ್ಮಯ್ಯ ದಿನಾ ನಮ್ಮ ಬಾಗಿಲು ದಾಟುವಾಗ ತಲೆ ಅಲ್ಲಾಡಿಸಿ ಹೋಗುತ್ತಾನೆ.

ಹಿರಿಯರು ಒಪ್ಪುವುದಿಲ್ಲ ಎಂದು ಬರೆಯುತ್ತಿದ್ದೆನಲ್ಲ, ನಮ್ಮ ಅತ್ತೆ ತೀರಿಕೊಂಡು ಆರು ವರ್ಷ. ಮರುಳಸಿದ್ದಯ್ಯನವರೂ ಇಲ್ಲ. ಈ ಮನೆಗೆ ಈಗ ಹಿರಿಯಳು ನಾನೇ. ಬೇಡ ಎಂದದ್ದು ನಾನು.

ನೀನು ಬರೆದಿದ್ದೆ, ರಜೆಯಲ್ಲಿ ಮಿಕ್ಕಿದ್ದು ನಿನ್ನದು ಎಂದು. ನನಗೆ ಮಿಕ್ಕದ್ದನ್ನೂ ಕೇಳು. ಹದಿನೈದು ತುಂಬುವ ಮುಂಚೆ ಈ ಮನೆಗೆ ಬಂದವಳು ನಾನು. ಇಲ್ಲಿ ನನ್ನನ್ನು ಏನಮ್ಮಾ ಎಂದು ಕೇಳಿದವರಿದ್ದಾರೆ, ಹೇಗಿದ್ದೀಯ ಎಂದು ಕೇಳಿದವಳು ಅವಳೊಬ್ಬಳು. ಎರಡನೆಯ ಹೆರಿಗೆಯಲ್ಲಿ ನನ್ನ ಕೂಸು ಉಸಿರಾಡಲಿಲ್ಲ. ಎಲ್ಲರೂ ಇನ್ನೊಂದು ಆಗುತ್ತದೆ ಬಿಡು ಎಂದರು. ಅವಳು ಬಾಗಿಲು ಹಾಕಿಕೊಂಡು, ಅದನ್ನು ನನ್ನ ಕೈಗೆ ಕೊಟ್ಟು, ನೋಡಿಕೋ ಎಂದಳು. ಅವಳು ಹೋದ ಮೇಲೆ ಮಾತು ಒಳಗೇ ಉಳಿಯುವ ಅಭ್ಯಾಸವಾಯಿತು. ಸೋಮವಾರ ದೀಪ ಹಚ್ಚಲು ತೋಟಕ್ಕೆ ಹೋದಾಗ ಅವಳಿಗೆ ಹೇಳಿ ಬರುತ್ತೇನೆ. ಅವಳ ಒಂದು ಪಕ್ಕ ಅತ್ತೆ ಇದ್ದಾರೆ. ಇನ್ನೊಂದು ಪಕ್ಕ ನನಗೆ ಎಂದು ಯಜಮಾನರಿಗೆ ಹೇಳಿಟ್ಟಿದ್ದೇನೆ. ಅವಳನ್ನು ನೀನು ಕರೆದುಕೊಂಡು ಹೋದರೆ ನಾನು ಯಾರ ಪಕ್ಕ ಕೂರಲಿ ಎಂದು ನನಗೆ ಅನ್ನಿಸಿತು. ಕೊಬ್ಬರಿ, ಆಳು ಎಂದೆಲ್ಲ ಬರೆದೆ.

ನಿನ್ನ ತಂದೆಯನ್ನು ನೀನು ನನಗಾಗಿ ಕಾಯಿಸಿದ್ದೆ.

ನಿಮ್ಮ ಸತ್ತವರ ಹಬ್ಬ ನವೆಂಬರಿನಲ್ಲಿ ಯಾವ ತಾರೀಕು, ಅದೊಂದನ್ನಾದರೂ ತಿಳಿಸು.

ಗುರುಶಾಂತಮ್ಮ


ಬಿಳಿಗೆರೆ
20 ಜನವರಿ 1980

ಮಗಳೇ,

ತಾರೀಕು ಗೊತ್ತಾಗದೆ ನವೆಂಬರ್ ತಿಂಗಳು ಪೂರ್ತಿ ಮೇಣದ ಬತ್ತಿ ಹಚ್ಚಿದೆ. ಸಂಕ್ರಾಂತಿ ಆಯಿತು. ಎಳ್ಳು ಬೆಲ್ಲ ಪಾರ್ಸೆಲಿನಲ್ಲಿ ಕಳಿಸಿದ್ದೇನೆ. ಉತ್ತರ ಬರೆಯಬೇಕೆಂದಿಲ್ಲ, ತಿನ್ನು.

ಗುರುಶಾಂತಮ್ಮ


ಕಲ್ಲುಕೊಪ್ಪಲು ಹೊಸ ಕಾಲೊನಿ
11 ಮೇ 1980

ದೊಡ್ಡಮ್ಮ,

ಹೀಗೆ ಕರೆಯಬಹುದೇ? ನಿಮ್ಮ ಕಾಗದಗಳೆಲ್ಲ ಬಂದವು. ಒಡೆದೆ, ಓದಿದೆ. ಉತ್ತರಿಸಲು ಕೂತರೆ ಮಾತುಗಳೆಲ್ಲ ಮೊನಚಾಗಿ ಬರುತ್ತಿದ್ದವು, ಹರಿದು ಹಾಕುತ್ತಿದ್ದೆ. ಎಳ್ಳು ಬೆಲ್ಲವನ್ನು ಶಾಲೆಯ ಮಕ್ಕಳೊಂದಿಗೆ ತಿಂದೆ.

ನಿಮ್ಮಿಂದಲೇ ಅಪ್ಪ ಉಳಿದುಹೋದನೆಂದು ಒಂದಷ್ಟು ತಿಂಗಳು ಅಂದುಕೊಂಡಿದ್ದೆ. ಆದರೆ ಎತ್ತೋಣ ಎಂದು ಮಾವ ಹೇಳಿದ ದಿನ ಬೇಡ ಎಂದವಳು ನಾನೇ ತಾನೆ. ಇಬ್ಬರನ್ನೂ ಒಂದೇ ದಿನ ತರಬೇಕೆಂಬ ಹಟ ನನ್ನದು. ಅದನ್ನು ನಿಮ್ಮ ಮೇಲೆ ಹೊರಿಸಲಾರೆ.

ಈ ಬೇಸಿಗೆ ನೀರು ನಾವು ನೆನೆಸದಷ್ಟು ಇಳಿಯಿತು. ಏಪ್ರಿಲ್ ಕೊನೆಗೆ ಗುಡಿಯ ಮೆಟ್ಟಿಲು ಕಂಡವು. ಮೊನ್ನೆ ಮಾವ ಓಡಿಬಂದು, "ಸ್ಮಶಾನ ಎದ್ದೈತೆ ಕಣಮ್ಮ, ಬಾ" ಎಂದ. ಹೋದೆವು. ಮೊಣಕಾಲವರೆಗೆ ಕೆಸರು. ಹುಣಸೆಮರ ಎಲೆಯಿಲ್ಲದೆ ನಿಂತಿತ್ತು. ಪ್ಲೇಗಿನವರ ದಿಬ್ಬ ಕರಗಿ ನೆಲಸಮವಾಗಿತ್ತು. ಹಿಂದಿನ ಗೋಡೆ ಬಿದ್ದಿತ್ತು; ಅದರ ಕಲ್ಲುಗಳ ನಡುವೆ ಅಪ್ಪನ ಶಿಲುಬೆಯನ್ನು ಕೈಯಿಂದ ತಡಕಿ ಹುಡುಕಿದೆ. ಮಾವ ಅಗೆದ. ನೀರು ಒಸರುತ್ತಿತ್ತು, ಪಾತ್ರೆಯಲ್ಲಿ ಮೊಗೆದು ಹಾಕುತ್ತಾ ತೆಗೆದೆವು. ಎಲ್ಲ ಸಿಗಲಿಲ್ಲ. ಸಿಕ್ಕಷ್ಟು ಸಾಕು ಎಂದ ಮಾವ. ಅವನು ಅತ್ತದ್ದನ್ನು ನಾನು ಕಂಡದ್ದು ಅವತ್ತೇ ಮೊದಲು.

ಅಪ್ಪ ಈಗ ಹೊಸ ಜಾಗದಲ್ಲಿದ್ದಾನೆ. ಪಕ್ಕದ ಕುಳಿಯ ಗುರುತು ಹಾಗೇ ಇದೆ. ದೊಡ್ಡಮ್ಮ, ನಾನು ಏನನ್ನೂ ಕೇಳುತ್ತಿಲ್ಲ. ನಿಮಗೆ ತಿಳಿಸದೆ ಇರಲು ಆಗಲಿಲ್ಲ, ಅಷ್ಟೇ.

ತೆರೇಜ


ಬಿಳಿಗೆರೆ
19 ಮೇ 1980

ಮಗಳೇ ತೆರೇಜ,

ಬಾ. ಮಳೆ ಹಿಡಿಯುವ ಮುಂಚೆ ಬಾ. ಮಾವನನ್ನೂ ಕರೆದುಕೊಂಡು ಬಾ.

ಯಜಮಾನರಿಗೂ ಮಕ್ಕಳಿಗೂ ಹೇಳಿದ್ದೇನೆ. ಪರಮಶಿವಯ್ಯ, "ಗದ್ದುಗೆ ಅಗೆದ್ರೆ ಊರೋರು ಏನಂತಾರವ್ವ?" ಎಂದ. "ಅವಳ ಮಗಳು ಬಂದು ಕರ್ಕೊಂಡೋದ್ಲು ಅಂತಾರೆ" ಎಂದೆ. ಕೆಂಚಯ್ಯನೇ ಅಗೆಯುತ್ತಾನೆ, ಅವತ್ತು ಗುಂಡಿ ತೋಡಿದವನೂ ಅವನೇ, ಎಲ್ಲಿ ಮೆಲ್ಲಗೆ ಅಗೆಯಬೇಕೆಂದು ಅವನಿಗೆ ಗೊತ್ತು.

ಅರಸೀಕೆರೆ ಮೇಲೆ ತಿಪಟೂರಿಗೆ ಬನ್ನಿ. ಬಸ್ ಸ್ಟ್ಯಾಂಡಿನಲ್ಲಿ ಪರಮಶಿವಯ್ಯ ಗಾಡಿ ಇಟ್ಟುಕೊಂಡು ಕಾಯುತ್ತಾನೆ. ಬೆಳ್ಳಗೆ, ಎತ್ತರಕ್ಕೆ ಇದ್ದಾನೆ, ಬಲಗಿವಿಯ ಹತ್ತಿರ ಮಚ್ಚೆ. ನಿನ್ನನ್ನು ಗುರುತು ಹಿಡಿಯುವುದು ಹೇಗೆ ಎಂದು ಕೇಳಿದ. ನರ್ಸಮ್ಮನ ಹಾಗೆ ನಡೆದುಕೊಂಡು ಬರುತ್ತಾಳೆ ಎಂದೆ. ನಾನು ನಿನ್ನನ್ನು ನೋಡಿಲ್ಲ, ಆದರೂ ಹೇಳಿದೆ.

ಎರಡು ದಿನವಾದರೂ ಇರುವ ಹಾಗೆ ಬಾ.

ದೊಡ್ಡಮ್ಮ


ಕಲ್ಲುಕೊಪ್ಪಲು ಹೊಸ ಕಾಲೊನಿ
12 ಜೂನ್ 1980

ದೊಡ್ಡಮ್ಮ,

ಸುಖವಾಗಿ ತಲುಪಿದೆವು. ಹೊರಡುವಾಗ ನೀವು ಬಾಗಿಲಿಗೆ ಬರಲಿಲ್ಲ, ನಾನೂ ಕರೆಯಲಿಲ್ಲ. ಅದಕ್ಕೇ ಈ ಕಾಗದ ಉದ್ದವಾಗುತ್ತದೆ.

ಕೆಂಚಯ್ಯ ಅಗೆಯುವಾಗ ನೀವು ಬಾವಿಕಟ್ಟೆಯ ಮೇಲೆ ನಮಗೆ ಬೆನ್ನು ಮಾಡಿ ಕೂತಿದ್ದಿರಿ. ಕೊನೆಯವರೆಗೂ ತಿರುಗಲಿಲ್ಲ. ನೀವು ಕಾಣದ್ದನ್ನು ಹೇಳುತ್ತೇನೆ. ಬೇಡವೆನಿಸಿದರೆ ಇಲ್ಲಿಗೇ ನಿಲ್ಲಿಸಿಬಿಡಿ.

ಎದೆಮಟ್ಟ ಇಳಿದ ಮೇಲೆ ಕೆಂಚಯ್ಯ ಗುದ್ದಲಿ ಇಟ್ಟು ಕೈಯಿಂದ ಮಣ್ಣು ಬಿಡಿಸತೊಡಗಿದ. ಆಮೇಲೆ ಮೇಲೆ ನೋಡಿ, "ಬಾರವ್ವ. ನರ್ಸಮ್ಮ ಅವ್ರೆ" ಎಂದ. ನಾನು ಇಳಿದೆ. ಮಣ್ಣು ಹಿಡಿದಿಟ್ಟಿದ್ದರಿಂದ ಅವಳು ಕೂತ ಹಾಗೆಯೇ ಇದ್ದಳು. ತಲೆ ಒಂದಿಷ್ಟು ಮುಂದಕ್ಕೆ ಬಾಗಿತ್ತು, ಯಾರೋ ಹೇಳುವುದನ್ನು ಕೇಳುತ್ತಿರುವವರ ಹಾಗೆ. ನನಗೆ ಭಯವಾಗುತ್ತದೆ ಎಂದುಕೊಂಡಿದ್ದೆ. ಆಗಲಿಲ್ಲ. ಅವಳ ಎದುರು ಕುಕ್ಕುರುಗಾಲಲ್ಲಿ ಕೂತೆ. ಅಮ್ಮನೂ ನಾನೂ ಎದುರುಬದುರು ಅಷ್ಟು ಹೊತ್ತು ಸುಮ್ಮನೆ ಕೂತದ್ದು ಯಾವ ರಜೆಯಲ್ಲೂ ಇಲ್ಲ. ಕೆಂಚಯ್ಯ ಮೇಲೆ ಹೋಗಿ ಮರದ ಹಿಂದೆ ನಿಂತ. ಜಪಸರದ ದಾರ ಕರಗಿಹೋಗಿತ್ತು. ಮಣಿಗಳನ್ನು ಆಯ್ದುಕೊಂಡೆ.

ನೀವು ಕೊಟ್ಟ ಹೊಸ ಸೀರೆಯಲ್ಲಿ ಕಟ್ಟಿ ಬುಟ್ಟಿಯಲ್ಲಿಟ್ಟೆ. ತಿಪಟೂರಿನಲ್ಲಿ ಕಂಡಕ್ಟರು, "ಏನಮ್ಮಾ ಬುಟ್ಟಿಯಾಗೆ, ಕಾಯಾ? ಮ್ಯಾಕಾಕು" ಎಂದ. ಮಾವ ಬಾಯಿ ತೆರೆಯುವ ಮುಂಚೆ ನಾನು, "ಬೇಡಪ್ಪ, ತೊಡೆ ಮೇಲೇ ಮಡಿಕೊತೀನಿ" ಎಂದೆ. ದಾರಿಯುದ್ದಕ್ಕೂ ಎರಡೂ ಕೈಯಲ್ಲಿ ಹಿಡಿದಿದ್ದೆ. ಚಿಕ್ಕವಳಿದ್ದಾಗ ಅವಳ ತೊಡೆಯ ಮೇಲೆ ಬಸ್ಸಿನಲ್ಲಿ ಕೂತ ನೆನಪು ನನಗಿಲ್ಲ. ಕೂತಿರಲೇಬೇಕು.

ಭಾನುವಾರ ಪೂಜೆಯಾದ ಮೇಲೆ ಅಪ್ಪನ ಪಕ್ಕದಲ್ಲಿಟ್ಟೆವು. ಫಾದರ್ ಪ್ರಾರ್ಥನೆ ಹೇಳುವಾಗ, ನೀವು ಅವತ್ತು ಹೇಳಿದ್ದ ನಮೋ ಮರಿಯೇ ಬಂದಾಗ ನಾನೂ ಅದನ್ನು ಅವಳಿಗೇ ಹೇಳಿದೆ.

ಒಂದೇ ಒಂದು ವಿಷಯ ಮನಸ್ಸಿನಲ್ಲಿ ಕೊರೆಯುತ್ತಿದೆ. ಇಲ್ಲಿಯ ಪದ್ಧತಿಯಂತೆ ಅವಳನ್ನು ಉದ್ದಕ್ಕೆ ಮಲಗಿಸಿದೆವು, ತಲೆಯಿಂದ ಪಾದದವರೆಗೆ ಒಂದೊಂದನ್ನೂ ಅದರದರ ಜಾಗದಲ್ಲಿಟ್ಟು. ಅಷ್ಟು ವರ್ಷ ಕೂತಿದ್ದವಳು. ಹಾಗೆ ಮಲಗಿಸಿದ್ದು ಅವಳಿಗೆ ಹಿತವಾಯಿತೋ ಇಲ್ಲವೋ. ನಿಮ್ಮನ್ನಲ್ಲದೆ ಯಾರನ್ನು ಕೇಳಲಿ?

ತೆರೇಜ


ಬಿಳಿಗೆರೆ
25 ಜೂನ್ 1980

ಮಗಳೇ ತೆರೇಜ,

ಕಾಗದವನ್ನು ಪೂರ್ತಿ ಓದಿದೆ. ಎಲ್ಲೂ ನಿಲ್ಲಿಸಲಿಲ್ಲ.

ಇಲ್ಲಿ ಮಳೆ ಶುರುವಾಗಿದೆ. ಗುಂಡಿಯನ್ನು ಅವತ್ತೇ ಮುಚ್ಚಿಸಬೇಕಿತ್ತು, ನಾಲ್ಕು ದಿನ ಹಾಗೇ ಬಿಟ್ಟಿದ್ದೆ. ಪರಮಶಿವಯ್ಯ ಅಲ್ಲಿ ಒಂದು ತೆಂಗಿನ ಸಸಿ ಇಡುತ್ತೇನೆ ಎಂದ. ಬೇಡ ಎಂದೆ. ಮಣ್ಣು ತುಂಬಿಸಿದೆ. ಸೋಮವಾರ ಕಾಲು ತಾನೇ ಅಲ್ಲಿಗೆ ಹೋಗುತ್ತದೆ. ದೀಪವನ್ನು ಅತ್ತೆಯ ಹತ್ತಿರ ಇಟ್ಟು ಬರುತ್ತೇನೆ, ಹೇಳುವುದಿದ್ದರೆ ಅವರಿಗೆ ಹೇಳುತ್ತೇನೆ. ಬದುಕಿದ್ದಾಗ ಅವರು ನನ್ನ ಮಾತು ಕೇಳಿಸಿಕೊಂಡವರಲ್ಲ. ಈಗ ರೂಢಿ ಮಾಡಿಕೊಳ್ಳಲಿ.

ಮೊನ್ನೆ ಭೈರಮ್ಮನ ಸೊಸೆ ತುಂಬಿದ ಬಸುರಿ ಮಳೆಯಲ್ಲೇ ಬಂದು ಎಲೆ ಅಡಿಕೆ ಇಟ್ಟಳು. "ಇಲ್ಲಿಲ್ಲ ಕಣಮ್ಮ, ಮಗಳು ಕರ್ಕೊಂಡೋದ್ಲು" ಎಂದೆ. "ಗೊತ್ತು ಕಣವ್ವ" ಎಂದು ಇಟ್ಟೇ ಹೋದಳು.

ದಸರಾ ರಜೆಗೆ ನೀನು ಇಲ್ಲಿಗೆ ಬರಬೇಕು. ಅವಳ ಕೋಣೆಗೆ ಸುಣ್ಣ ಹೊಡೆಸುತ್ತಿದ್ದೇನೆ. ಅಲ್ಲಿ ಕೊಬ್ಬರಿ ಚೀಲ ಒಟ್ಟಿದ್ದರು, ತೆಗೆಸಿದೆ. ವಾಪಸು ಹೋಗುವಾಗ ನನ್ನನ್ನೂ ಕರೆದುಕೊಂಡು ಹೋಗು. ಅರಸೀಕೆರೆಯಿಂದ ಆಚೆ ನಾನು ಕಂಡಿಲ್ಲ.

ಮಲಗಿಸಿದ್ದು ಹಿತವಾಯಿತೋ ಇಲ್ಲವೋ ಎಂದು ಕೇಳಿದ್ದೀಯ. ದೂರದ ಹಟ್ಟಿಗಳಲ್ಲಿ ಹೆರಿಗೆ ಮುಗಿಸಿಕೊಂಡು ಬಂದರೆ ಅವಳು ನಮ್ಮ ಪಡಸಾಲೆಯ ಕಂಬಕ್ಕೆ ಒರಗಿ ಕೂತೇ ನಿದ್ದೆ ಮಾಡುತ್ತಿದ್ದಳು. ಚಪ್ಪಲಿ ಪಕ್ಕದಲ್ಲಿ, ಚೀಲ ತೊಡೆಯ ಮೇಲೆ. ಚಾಪೆ ಹಾಸಿಕೊಟ್ಟು ಒಂದು ಗಳಿಗೆ ಬೆನ್ನು ಚಾಚು ಎಂದರೆ ಒಪ್ಪುತ್ತಿರಲಿಲ್ಲ. "ಮಲಗಿದ್ರೆ ಏಳಕ್ಕಾಗಲ್ಲ ಗುರುಶಾಂತ. ಯಾರಾನ ಕರಿಯಕ್ಕೆ ಬತ್ತಾರೆ" ಎನ್ನುತ್ತಿದ್ದಳು.

ಈಗ ಯಾರೂ ಕರೆಯಲು ಬರುವುದಿಲ್ಲ. ಮಲಗಲಿ.

ದೊಡ್ಡಮ್ಮ